ಕದ ಇರುವುದು ಮುಚ್ಚುವುದಕ್ಕೆ

ಟ್ರ್ಯಾಪ್‌ಡೋರ್ ಜೇಡವನ್ನು ತೋರಿಸುವ ಸಾಕ್ಷ್ಯಚಿತ್ರಗಳೆಲ್ಲ ಒಂದೇ ಅಚ್ಚಿನವು. ಕತ್ತಲು, ತರಗೆಲೆ, ಏನೂ ತಿಳಿಯದೆ ಅಡ್ಡಾಡುವ ಒಂದು ಮಿಡತೆ. ಹಿನ್ನೆಲೆ ಸಂಗೀತ ಏರುತ್ತ ಹೋಗಿ ತಟ್ಟನೆ ನಿಲ್ಲುತ್ತದೆ. ನೆಲದಲ್ಲೊಂದು ಮುಚ್ಚಳ ಪಟಕ್ಕನೆ ಎದ್ದು, ಎರಡು ಜೊತೆ ಕಾಲು ಹೊರಬಂದು, ಮಿಡತೆ ಒಳಗೆ. ಅದನ್ನೇ ಮತ್ತೆ ನಿಧಾನಗತಿಯಲ್ಲಿ ತೋರಿಸುತ್ತ, ಇಂಥ ಚಾಣಾಕ್ಷ ಹೊಂಚುಗಾರ ಇನ್ನೊಬ್ಬನಿಲ್ಲ ಎಂದು ನಿರೂಪಕ ದಪ್ಪ ದನಿಯಲ್ಲಿ ಹೇಳುತ್ತಾನೆ. ಮಕ್ಕಳ ವಿಶ್ವಕೋಶಗಳೂ ಇದನ್ನೇ ಹೇಳುತ್ತವೆ, ಪತ್ರಿಕೆಗಳ ಪ್ರಾಣಿಲೋಕದ ಪುಟಗಳೂ ಇದನ್ನೇ ಹೇಳುತ್ತವೆ. ಎಲ್ಲರೂ ಒಬ್ಬರಿಂದೊಬ್ಬರು ಎತ್ತಿಕೊಂಡದ್ದರಿಂದಲೋ ಏನೋ, ಯಾರೂ ಇದನ್ನು ತಿರುಗಿ ಕೇಳಿದ್ದೇ ಇಲ್ಲ.

ಎಗರುವುದು ಸುಳ್ಳಲ್ಲ. ರಾತ್ರಿ ಹೊತ್ತು ಕದವನ್ನು ತುಸುವೇ ಓರೆ ಮಾಡಿಕೊಂಡು, ಮುಂಗಾಲುಗಳ ತುದಿಯನ್ನು ಅಂಚಿಗೆ ತಾಗಿಸಿಕೊಂಡು ಜೇಡ ಕಾಯುತ್ತದೆ. ನೆಲದ ಅದುರು ತಿಳಿದ ಕೂಡಲೇ ಮೈಯ ಮುಂಭಾಗವನ್ನಷ್ಟೇ ಹೊರಚಾಚಿ, ಹಿಂಗಾಲುಗಳನ್ನು ಬಿಲದ ಗೋಡೆಗೆ ಊರಿಕೊಂಡೇ ಬೇಟೆಯನ್ನು ಎಳೆದುಕೊಳ್ಳುತ್ತದೆ. ಎಲ್ಲ ಮುಗಿಯುವುದು ಕಣ್ಣು ಮಿಟುಕಿಸುವುದರೊಳಗೆ. ಹತ್ತಿಪ್ಪತ್ತು ವರ್ಷದ ಬದುಕನ್ನು ಈ ಅರೆಕ್ಷಣದ ಬೆಳಕಿನಲ್ಲಿ ಓದುವ ಅಭ್ಯಾಸದ ಬಗ್ಗೆ ನನ್ನ ತಕರಾರು. ಕದ ಬೇಟೆಯ ಸಾಧನ, ಅದನ್ನು ಮರೆಮಾಚುವುದು ಜಾಣತನ, ಜೀವಮಾನವಿಡೀ ಒಂದೇ ಕಡೆ ಕೂರುವುದು ಪುರಾತನ ಜೀವಿಯ ಜಡತನ ಎನ್ನುತ್ತೇವೆ. ಮೂರೂ ಒಂದೇ ತಪ್ಪಿನ ಕವಲುಗಳು. ಈ ಜೇಡ ಕದ ಕಟ್ಟುವುದು ಮುಖ್ಯವಾಗಿ ಮುಚ್ಚಿಕೊಂಡಿರುವುದಕ್ಕೆ. ಬೇಟೆ ಅದರ ಜೊತೆಗೆ ದಕ್ಕಿದ ಅನುಕೂಲ.

ಕದವನ್ನೇ ಮೊದಲು ಹತ್ತಿರದಿಂದ ನೋಡೋಣ. ಸ್ಥೂಲವಾಗಿ ಎರಡು ಬಗೆ. ಒಂದು ತೆಳು ಬಿಲ್ಲೆ. ರೇಷ್ಮೆಯ ಹಾಳೆಗೆ ಒಂದಿಷ್ಟು ಮಣ್ಣು, ಕಸಕಡ್ಡಿ ಮೆತ್ತಿದ್ದು; ಬಿಲದ ಬಾಯಿಯ ಮೇಲೆ ಸಡಿಲವಾಗಿ ಬಿದ್ದುಕೊಂಡಿರುತ್ತದೆ. ಇನ್ನೊಂದು ದಪ್ಪ ಬಿರಡೆ. ಮಣ್ಣನ್ನೂ ರೇಷ್ಮೆಯನ್ನೂ ಪದರ ಪದರವಾಗಿ ಕೂಡಿಸಿ, ಅಂಚನ್ನು ಒಳಮುಖವಾಗಿ ಇಳಿಜಾರು ಮಾಡಿ, ಬಾಯಿಯ ಮೇಲೆ ಕೂರದೆ ಬಾಯೊಳಗೆ ಇಳಿದು ಕಚ್ಚಿಕೊಳ್ಳುವಂತೆ ತಿದ್ದಿದ್ದು. ಎರಡಕ್ಕೂ ಒಂದು ಪಕ್ಕದಲ್ಲಿ ರೇಷ್ಮೆಯ ಕೀಲು. ಬಿರಡೆ ಬಗೆಯ ಕದವನ್ನು ಅಡ್ಡಕ್ಕೆ ಸೀಳಿದರೆ ಅದರ ಚರಿತ್ರೆ ಕಾಣುತ್ತದೆ. ಜೇಡ ಬೆಳೆದ ಹಾಗೆ ಬಿಲವನ್ನು ಅಗಲ ಮಾಡಿಕೊಳ್ಳುತ್ತದೆ. ಕದಕ್ಕೆ ಅಡಿಯಿಂದ ಮೊದಲಿನದಕ್ಕಿಂತ ದೊಡ್ಡದೊಂದು ಪದರ ಸೇರುತ್ತದೆ. ಮರಿಯಾಗಿದ್ದಾಗ ಕಟ್ಟಿದ ಪುಟಾಣಿ ಕದ ಈಗಿನ ಕದದ ಮೇಲ್ಪದರದಲ್ಲಿ ಹುದುಗಿಕೊಂಡೇ ಇರುತ್ತದೆ. ಹಳೆಯದನ್ನು ಕಿತ್ತೆಸೆದು ಹೊಸದು ಕಟ್ಟುವ ಪದ್ಧತಿ ಇಲ್ಲಿಲ್ಲ.

ಇದನ್ನೆಲ್ಲ ತಾಳ್ಮೆಯಿಂದ ನೋಡಿ ಬರೆದ ಮೊದಲಿಗರಲ್ಲಿ ಒಬ್ಬ ಜಾನ್ ಟ್ರಾಹರ್ನ್ ಮಾಗ್ರಿಡ್ಜ್. ಆರೋಗ್ಯ ಸರಿಯಿಲ್ಲದೆ ಇಂಗ್ಲೆಂಡಿನ ಚಳಿಯಿಂದ ತಪ್ಪಿಸಿಕೊಳ್ಳಲು ಫ್ರಾನ್ಸಿನ ದಕ್ಷಿಣ ಕರಾವಳಿಯ ಮೆಂಟನ್‌ಗೆ ಹೋಗಿ ಇರುತ್ತಿದ್ದವನು. ಧಾನ್ಯ ಕೂಡಿಡುವ ಇರುವೆಗಳು ಮತ್ತು ಕದದ ಜೇಡಗಳ ಬಗ್ಗೆ ಅವನು ಬರೆದ ಪುಸ್ತಕ 1873ರಲ್ಲಿ ಬಂತು. ಮರುವರ್ಷ ಅದಕ್ಕೊಂದು ಅನುಬಂಧ ಸೇರಿಸಿ ಆ ವರ್ಷವೇ ತೀರಿಕೊಂಡ. ಆಗ ವಯಸ್ಸು 32. ಅವನು ಬರೆದಂತೆ, ಚಾಕುವಿನ ಮೊನೆಯಿಂದ ಕದ ಎತ್ತಲು ಹೋದರೆ ಒಳಗಿನಿಂದ ಜೇಡ ಅದನ್ನು ಹಿಡಿದು ಎಳೆಯುವುದು ಕೈಗೆ ತಿಳಿಯುತ್ತದೆ. ಕೋರೆ ಮತ್ತು ಕಾಲಿನ ಉಗುರುಗಳನ್ನು ಕದದ ಒಳಮೈಯ ರೇಷ್ಮೆಗೆ ಸಿಕ್ಕಿಸಿ, ಉಳಿದ ಕಾಲುಗಳನ್ನು ಗೋಡೆಗೆ ಒದ್ದು ನಿಂತು, ತನ್ನ ಮೈತೂಕದ ಎಷ್ಟೋ ಪಾಲು ಬಲವನ್ನು ತಡೆಯುತ್ತದೆ. ಅಮೆರಿಕ ಮತ್ತು ಮೆಡಿಟರೇನಿಯನ್ ಸುತ್ತಮುತ್ತ ಇರುವ ಉಮ್ಮಿಡಿಯಾ ಎಂಬ ಕುಲದ ಜೇಡಕ್ಕಂತೂ ಮೂರನೆಯ ಜೊತೆ ಕಾಲಿನಲ್ಲಿ ಜೀನಿನ ಆಕಾರದ ಒಂದು ತಗ್ಗೇ ಇದೆ. ಗೋಡೆಗೆ ಒತ್ತಿ ನಿಲ್ಲುವುದಕ್ಕೆ ಒದಗುವ ಅಂಗ ಅದು.

ಹೊಂಚು ಹಾಕುವುದೇ ಉದ್ದೇಶವಾಗಿದ್ದರೆ ಇಷ್ಟು ದಪ್ಪ, ಇಷ್ಟು ಬಿಗಿ ಯಾಕೆ ಬೇಕಿತ್ತು? ಹೊಂಚುಗಾರನಿಗೆ ಬೇಕಾದ್ದು ಹಗುರವಾದ ಮರೆ. ಭಾರದ ಕದ ಎಗರುವಾಗ ಅಡ್ಡ ಬರುತ್ತದೆ, ಹೊರಗಿನ ಅದುರನ್ನು ಒಳಕ್ಕೆ ಬಿಡದೆ ತಿನ್ನುತ್ತದೆ. ಬಾಯೊಳಗೆ ಇಳಿದು ಕಚ್ಚಿಕೊಳ್ಳುವ ಅಂಚು, ಮುಚ್ಚಿ ಹಿಡಿಯಲೆಂದೇ ಇರುವ ಕಾಲಿನ ತಗ್ಗು, ಇವು ಹೇಳುವುದು ಬೇರೆ ಕಥೆ.

ಬೇಟೆಗೂ ಕದಕ್ಕೂ ಇರುವ ನಂಟು ಎಷ್ಟು ಸಡಿಲ ಎಂಬುದಕ್ಕೆ ಹೋಲಿಸಿ ನೋಡಲು ಜೇಡಗಳೇ ಇವೆ. ಆಗ್ನೇಯ ಏಷ್ಯಾದ ಕಾಡುಗಳಲ್ಲಿ ಲಿಫಿಸ್ಟಿಯಸ್ ಎಂಬ ಜೇಡವಿದೆ. ಹೊಟ್ಟೆಯ ಮೇಲೆ ಇನ್ನೂ ಖಂಡ ಖಂಡವಾದ ಫಲಕಗಳನ್ನು ಉಳಿಸಿಕೊಂಡಿರುವ, ಜೇಡಗಳಲ್ಲೇ ಅತ್ಯಂತ ಹಳೆಯ ಕವಲಿನದು. ಅದು ಕದ ಕಟ್ಟುತ್ತದೆ, ಜೊತೆಗೆ ಬಿಲದ ಬಾಯಿಯಿಂದ ಸುತ್ತಲಿನ ನೆಲಕ್ಕೆ ರೇಷ್ಮೆಯ ಎಳೆಗಳನ್ನು ಹರಡುತ್ತದೆ. ಹುಳ ಎಳೆಯನ್ನು ಎಡವಿದರೆ ಒಳಗೆ ಸುದ್ದಿ. ಅದರ ದಾಯಾದಿ, ಜಪಾನಿನ ಹೆಪ್ಟಾಥೆಲಾ, ಕದ ಕಟ್ಟುತ್ತದೆ, ಎಳೆ ಹರಡುವುದಿಲ್ಲ. ಅಂದರೆ ಬೇಟೆಯ ಸಾಧನ ಬಂದರೂ ಹೋದರೂ ಕದ ಹಾಗೇ ಉಳಿಯಿತು. ಪಶ್ಚಿಮ ಆಸ್ಟ್ರೇಲಿಯಾದ ಗೇಯಸ್ ವಿಲ್ಲೋಸಸ್ ಇನ್ನೊಂದು ಉಪಾಯ ಮಾಡುತ್ತದೆ. ಬಿಲದ ಬಾಯಿಗೆ ಸುತ್ತಲೂ ಕಡ್ಡಿ, ಉದ್ದೆಲೆಗಳನ್ನು ಹೊರಮುಖವಾಗಿ ಜೋಡಿಸಿ ರೇಷ್ಮೆಯಿಂದ ಅಂಚಿಗೆ ಬಿಗಿಯುತ್ತದೆ. ಕಡ್ಡಿಯ ಆ ತುದಿಯಲ್ಲಿ ಇರುವೆ ಹತ್ತಿದರೆ ಈ ತುದಿಯಲ್ಲಿ ಕಾಲಿಟ್ಟು ಕೂತ ಜೇಡಕ್ಕೆ ತಿಳಿಯುತ್ತದೆ. ಬೇಟೆಯ ನೆಲವನ್ನು ಹಿಗ್ಗಿಸಿದ್ದು ಕಡ್ಡಿಗಳು, ಕದವಲ್ಲ. ಇನ್ನು ಕದವೇ ಇಲ್ಲದ ಜೇಡಗಳ ಲೆಕ್ಕ ತೆಗೆದರೆ ವಾದ ಇನ್ನೂ ಸುಲಭ. ಅದೇ ಆಸ್ಟ್ರೇಲಿಯಾದಲ್ಲಿ ಅನಾಮೆ ಎಂಬ ಕುಲದ ಜೇಡಗಳು ಬಾಯಿ ತೆರೆದ ಬಿಲಗಳಲ್ಲಿ ಕೂತು ಸೊಗಸಾಗಿ ಬೇಟೆಯಾಡುತ್ತವೆ. ಟರಾಂಟುಲಾಗಳೂ ಹಾಗೇ. ಹಸಿದ ಜೇಡಕ್ಕೆ ಒಂದು ತೂತು, ಎರಡು ಕೋರೆ, ಒಂದಿಷ್ಟು ತಾಳ್ಮೆ ಇದ್ದರೆ ಸಾಕು.

ಹಾಗಾದರೆ ಕದ ಯಾವುದಕ್ಕೆ? ಈ ಜೇಡದ ವರ್ಷವನ್ನು ನೋಡಬೇಕು, ರಾತ್ರಿಯನ್ನಲ್ಲ. ಪೊರೆ ಕಳಚುವಾಗ ಕದವನ್ನು ಒಳಗಿನಿಂದ ರೇಷ್ಮೆ ಹಾಕಿ ಬಿಗಿಯುತ್ತದೆ. ಆ ದಿನಗಳಲ್ಲಿ ಅದರ ಮೈ ಮೆತ್ತಗೆ, ಯಾವ ಇರುವೆ ಬಂದರೂ ಕಷ್ಟ. ಮೊಟ್ಟೆಯಿಟ್ಟು ಮರಿಗಳೊಂದಿಗೆ ಇರುವಾಗ ಮುಚ್ಚುತ್ತದೆ. ಒಣಸೀಮೆಯಲ್ಲಿ ಬೇಸಿಗೆ ಬಂದರೆ ರೇಷ್ಮೆಯಿಂದಲೋ ಮಣ್ಣಿನಿಂದಲೋ ಮೊಹರು ಹಾಕಿ ಮಳೆ ಬರುವವರೆಗೆ ಹೊರಗಿನ ಸಂಬಂಧವನ್ನೇ ಕಡಿದುಕೊಳ್ಳುತ್ತದೆ. ಟರಾಂಟುಲಾಗಳ ಬಳಗದ ಈ ಜೇಡಗಳಿಗೆ ಉಸಿರಾಟಕ್ಕೆ ಎರಡು ಜೊತೆ ಪುಟಶ್ವಾಸಕೋಶಗಳಿವೆ, ಮೈಯ ತೇವ ಉಳಿಸಿಕೊಳ್ಳುವುದೇ ದೊಡ್ಡ ಕೆಲಸ. ಹಸಿವಿನ ಭಯ ಅಷ್ಟಿಲ್ಲ, ಯಾಕೆಂದರೆ ಮೈಯ ಖರ್ಚು ಬಹಳ ಕಡಿಮೆ. ತಿಂಗಳುಗಟ್ಟಲೆ ಉಪವಾಸ ಇರಬಲ್ಲವು. ಊಟವನ್ನು ಮುಂದೂಡಬಹುದು, ಒಣಗಿ ಹೋಗುವುದನ್ನು ಮುಂದೂಡಲಾಗದು. ಯಾವ ಅಪಾಯ ಹೆಚ್ಚು ತುರ್ತೋ ಅದಕ್ಕೇ ಹೆಚ್ಚು ಕೆಲಸ ಸುರಿದಿರುತ್ತದೆ ಎಂದು ನಾನು ಓದುತ್ತೇನೆ.

ಶತ್ರುಗಳನ್ನೂ ಮರೆಯಬಾರದು. ಜೇಡ ಹಿಡಿಯುವ ಕಣಜ ಕದವನ್ನು ಮೀಟುತ್ತದೆ, ಇಲ್ಲವೇ ಕಡಿದು ತೂತು ಮಾಡಿ ನುಗ್ಗುತ್ತದೆ. ಕುಟುಕಿ ಜೇಡವನ್ನು ನಿಶ್ಚೇಷ್ಟಗೊಳಿಸಿ ಅದರ ಮೇಲೆ ಮೊಟ್ಟೆಯಿಡುತ್ತದೆ. ಮರಿಹುಳಕ್ಕೆ ಜೀವಂತ ಮಾಂಸ. ಇದರ ಎದುರು ಕದ ಮೊದಲ ತಡೆ ಅಷ್ಟೆ. ಅಮೆರಿಕದ ಆಗ್ನೇಯ ರಾಜ್ಯಗಳಲ್ಲೂ ಚೀನಾದಲ್ಲೂ ಇರುವ ಸೈಕ್ಲೊಕಾಸ್ಮಿಯಾ ಎಂಬ ಜೇಡ ಎರಡನೆಯ ಕದವನ್ನು ಮೈಯಲ್ಲೇ ಹೊತ್ತಿದೆ. ಅದರ ಹೊಟ್ಟೆಯ ಹಿಂತುದಿ ಚಪ್ಪಟೆಯಾಗಿ ಕತ್ತರಿಸಿದಂತಿದ್ದು, ಅದರ ಮೇಲೆ ಏಣು, ಗೀರು ತುಂಬಿದ ಗಟ್ಟಿ ಬಿಲ್ಲೆ. ಅಪಾಯ ಬಂದಾಗ ತಲೆಕೆಳಗಾಗಿ ಬಿಲದಲ್ಲಿ ಇಳಿದು, ಕಿರಿದಾಗುವ ಜಾಗದಲ್ಲಿ ಈ ಬಿಲ್ಲೆಯನ್ನು ಸಿಕ್ಕಿಸಿ ಕೂರುತ್ತದೆ. ಸಾಮಾಜಿಕ ಜಾಲತಾಣಗಳಲ್ಲಿ ಈ ಬಿಲ್ಲೆಯ ಚಿತ್ರ ‘ಪುರಾತನ ಮುದ್ರೆ ಹೊತ್ತ ಜೇಡ’ ಎಂದೆಲ್ಲ ಓಡಾಡುತ್ತದೆ. ನೋಡುವವರಿಗೆ ಮುದ್ರೆ, ಜೇಡಕ್ಕೆ ಅಗುಳಿ. ಪಶ್ಚಿಮ ಆಸ್ಟ್ರೇಲಿಯಾದ ಇಡಿಯೊಸೋಮಾ ನೈಗ್ರಮ್‌ನ ಹೊಟ್ಟೆಯ ಚರ್ಮವೂ ಇದೇ ಕೆಲಸಕ್ಕೆ ದಪ್ಪಗಟ್ಟಿದೆ. ಬೇರೆ ಬೇರೆ ಕುಟುಂಬದ ಜೇಡಗಳಲ್ಲಿ, ಭೂಮಿಯ ಬೇರೆ ಬೇರೆ ಮೂಲೆಯಲ್ಲಿ, ಮುಚ್ಚಿಕೊಳ್ಳುವ ಅಗತ್ಯ ಮೈಯ ಆಕಾರವನ್ನೇ ಬದಲಿಸಿತು ಎಂದ ಮೇಲೆ ಕದದ ಬಗ್ಗೆ ಬೇರೆ ಮಾತು ಯಾಕೆ?

ನೀರಿನ ಮಾತು ಇನ್ನೂ ಬಂದಿಲ್ಲ. ಕರ್ನಾಟಕದಲ್ಲಿ ಓದುವವರಿಗೆ ಅದೇ ಹತ್ತಿರದ್ದು. ಉತ್ತರ ಕನ್ನಡದ ಜೋಯಿಡಾದ ಹೆಸರು ಹೊತ್ತ ಇಡಿಯೋಪ್ಸ್ ಜೋಯಿಡಾ ಎಂಬ ಕದದ ಜೇಡವನ್ನು 2013ರಲ್ಲಿ ವಿಜ್ಞಾನಕ್ಕೆ ಪರಿಚಯಿಸಲಾಯಿತು. ಪಶ್ಚಿಮ ಘಟ್ಟದಲ್ಲಿ ಈ ಬಳಗದ ಜೇಡಗಳು ಹೆಚ್ಚಾಗಿ ಕಣ್ಣಿಗೆ ಬೀಳುವುದು ದಾರಿ ಪಕ್ಕದ ಧರೆಗಳಲ್ಲಿ, ಹಾವಸೆ ಹಿಡಿದ ಮಣ್ಣಿನ ಏರಿಗಳಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಧರೆಯ ಮೇಲಿಂದ ನೀರು ಹರಿಯುತ್ತಲೇ ಇರುತ್ತದೆ. ಅಂಥಲ್ಲಿ ಬಾಯಿ ತೆರೆದ ಬಿಲದ ಗತಿಯೇನು? ಮಲೆನಾಡಿನ ಮನೆಗಳಲ್ಲಿ ಮಳೆಗಾಲಕ್ಕೆ ಮುಂಚೆ ಜಗಲಿಗೆ ತಟ್ಟಿ ಕಟ್ಟುತ್ತಾರೆ. ಅದರ ಸಂದಿಯಿಂದ ದಾರಿಹೋಕರನ್ನು ಇಣುಕಿ ನೋಡಲೂಬಹುದು, ಹಾಗೆಂದು ತಟ್ಟಿ ಕಟ್ಟಿದ್ದು ಇಣುಕುವುದಕ್ಕೆ ಎಂದು ಯಾರೂ ಹೇಳುವುದಿಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಬುಂಗುಲ್ಲಾದ ಒಣನೆಲದಲ್ಲಿ ಒಳಗಿನ ತೇವ ಹೊರಹೋಗದಂತೆ, ಜೋಯಿಡಾದ ಮಳೆಯಲ್ಲಿ ಹೊರಗಿನ ನೀರು ಒಳಬರದಂತೆ, ಒಂದೇ ಕದ ಎರಡು ಕಡೆಗೂ ದುಡಿಯುತ್ತದೆ ಎಂದು ನನ್ನ ಊಹೆ. ಊಹೆಗೆ ಆಧಾರವೂ ಇದೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ನೆರೆ ನಿಲ್ಲುವ ತಗ್ಗುಗಳಲ್ಲಿ ಇರುವ ಒಂದು ಜೇಡ ತನ್ನ ಬಿಲದ ರೇಷ್ಮೆಯ ಕೊಳವೆಯನ್ನು ನೆಲದಿಂದ ಮೇಲೆತ್ತಿ ಗಿಡದ ಕಾಂಡಕ್ಕೆ ಆನಿಸಿಕೊಂಡು, ಕದವನ್ನು ನೆರೆಯ ಮಟ್ಟದಿಂದ ಮೇಲೆ ಕಟ್ಟುತ್ತದೆ.

ಆ ಜೇಡಕ್ಕೆ ಮೊದಲು ಹೆಸರಿಟ್ಟವರು ಬಾರ್ಬರಾ ಯಾರ್ಕ್ ಮೇನ್. ಪಶ್ಚಿಮ ಆಸ್ಟ್ರೇಲಿಯಾದ ಗೋಧಿ ಸೀಮೆಯ ರೈತ ಮನೆತನದ ಮಗಳು, ಮುಂದೆ ಪರ್ತ್‌ನ ವಿಶ್ವವಿದ್ಯಾಲಯದಲ್ಲಿ ಜೀವಮಾನವಿಡೀ ಈ ಜೇಡಗಳನ್ನೇ ಓದಿದರು. 1986ರಲ್ಲಿ ಪ್ರಕಟವಾದ ಅವರ ಒಂದು ಪ್ರಬಂಧದ ಶೀರ್ಷಿಕೆಯಲ್ಲೇ ನಮ್ಮ ಪ್ರಶ್ನೆಯಿದೆ: ಕದ ಇರುವುದು ರಕ್ಷಣೆಗೋ, ಬೇಟೆಗೋ. ಬಲ್ಲವರ ನಡುವೆ ಅಷ್ಟು ಹಿಂದೆಯೇ ಎದ್ದ ಪ್ರಶ್ನೆ, ಜನಪ್ರಿಯ ಬರವಣಿಗೆಗೆ ಇನ್ನೂ ಬಂದು ಮುಟ್ಟಿಲ್ಲ. ಬಂದರೆ ಹಿನ್ನೆಲೆ ಸಂಗೀತಕ್ಕೆ ಜಾಗ ಇರುವುದಿಲ್ಲವಲ್ಲ!

ಇನ್ನು ಜಾಣತನದ ಮಾತು. ಕದದ ಮೇಲೆ ಹಾವಸೆ ನೆಟ್ಟು, ಸುತ್ತಲಿನ ನೆಲಕ್ಕೆ ಬೆರೆಸಿ, ಯಾರ ಕಣ್ಣಿಗೂ ಬೀಳದಂತೆ ಮಾಡುವುದನ್ನು ನೋಡಿ ಬೆರಗಾಗುವುದು ಸಹಜ. ಮಾಗ್ರಿಡ್ಜ್ ಕೂಡ ಬೆರಗಾದ, ಆದರೆ ಅಲ್ಲಿಗೇ ನಿಲ್ಲಲಿಲ್ಲ. ಕದವನ್ನು ಕಿತ್ತು, ಸುತ್ತಲಿನ ಹಾವಸೆಯನ್ನೂ ಕೆರೆದು ನೆಲವನ್ನು ಬರಿದು ಮಾಡಿದ. ಕೆಲವು ದಿನಗಳಲ್ಲಿ ಜೇಡ ಹೊಸ ಕದ ಕಟ್ಟಿತು. ನೆಲಕ್ಕೆ ಹೊಂದುವಂತೆ ಬರಿ ಮಣ್ಣು ಬಳಿದಿದ್ದರೆ ಸಾಕಿತ್ತು. ಅದು ಹಾವಸೆಯನ್ನು ಹುಡುಕಿ ತಂದು ಹೊಸ ಕದಕ್ಕೆ ಮೆತ್ತಿತು. ಬೋಳು ಮಣ್ಣಿನ ನಡುವೆ ಹಸಿರು ಬೊಟ್ಟು. ಯಾರು ಬೇಕಾದರೂ ಬೆರಳಿಟ್ಟು ತೋರಿಸಬಹುದಾದ ಕದ. ಮೋಸ ಮಾಡಬೇಕೆಂಬ ಲೆಕ್ಕ ಅದರ ತಲೆಯಲ್ಲಿ ಇದ್ದಿದ್ದರೆ ಹೀಗೆ ಮಾಡುತ್ತಿರಲಿಲ್ಲ. ಹಾವಸೆ ಇರುವ ಜಾಗದಲ್ಲಿ ಹುಟ್ಟಿ ಬೆಳೆದ ಜೇಡ, ಕದಕ್ಕೆ ಹಾವಸೆ ಹಾಕುತ್ತದೆ, ಅಷ್ಟೆ. ಮರೆಮಾಚುವಿಕೆ ಜಾಗದಿಂದ ಬಂದ ಫಲ. ಜಾಗ ಕೆಟ್ಟರೆ ಅದೇ ಕಸುಬು ಜೇಡವನ್ನು ಹಿಡಿದುಕೊಡುತ್ತದೆ. ಪ್ರಾಣಿಗಳ ಬುದ್ಧಿಯ ಬಗ್ಗೆ ಆಮೇಲೆ ಬರೆದವರು ಇದನ್ನು ಪೆದ್ದುತನಕ್ಕೆ ಉದಾಹರಣೆಯಾಗಿಯೂ ಎತ್ತಿಕೊಂಡರು. ಅದೂ ಅನ್ಯಾಯವೇ. ನೂರಕ್ಕೆ ತೊಂಬತ್ತೊಂಬತ್ತು ಸಲ ಯಾರೂ ಬಂದು ಸುತ್ತಲಿನ ಹಾವಸೆಯನ್ನು ಕೆರೆಯುವುದಿಲ್ಲ.

ನನ್ನ ವಾದಕ್ಕೆ ಎದುರು ಹೇಳುವುದಕ್ಕೆ ಏನೂ ಇಲ್ಲವೆಂದಲ್ಲ. ತೆಳು ಬಿಲ್ಲೆಯ ಕದ ನೀರನ್ನೂ ತಡೆಯದು, ಕಣಜವನ್ನೂ ತಡೆಯದು. ಅಲ್ಲಿ ಮರೆಗೆ ಹೆಚ್ಚು ಬೆಲೆ ಎಂದು ಒಪ್ಪಬೇಕಾಗುತ್ತದೆ. ಮಾಗ್ರಿಡ್ಜ್ ಕಂಡ ನೆಮೇಸಿಯಾ ಜೇಡಗಳಲ್ಲಿ ಕೆಲವು ಹೀಗೆ ಮೇಲೆ ತೆಳು ಕದ ಇಟ್ಟು, ಬಿಲದ ನಡುವೆ ಇನ್ನೊಂದು ಗಟ್ಟಿ ಕದವನ್ನು ಕಟ್ಟಿಕೊಂಡಿದ್ದವು. ಶತ್ರು ಮೇಲಿನದನ್ನು ದಾಟಿದರೆ ಒಳಗಿನದನ್ನು ಕೆಳಗಿನಿಂದ ತಳ್ಳಿ ಮುಚ್ಚಿಕೊಳ್ಳುತ್ತವೆ. ಬಿಲದ ಮಧ್ಯದಲ್ಲಿ, ಯಾವ ಮಿಡತೆಯೂ ಹಾದುಹೋಗದ ಕತ್ತಲಲ್ಲಿ ಇರುವ ಈ ಕದಕ್ಕೆ ಬೇಟೆಯ ಅರ್ಥ ಹೇಳುವವರು ಯಾರಾದರೂ ಇದ್ದರೆ ಕೇಳಲು ನನಗೂ ಇಷ್ಟ. ಒಂದೇ ಬಿಲದಲ್ಲಿ ಎರಡು ಕೆಲಸಕ್ಕೆ ಎರಡು ಕದ. ಇಷ್ಟು ಸ್ಪಷ್ಟವಾಗಿ ಪ್ರಶ್ನೆಯನ್ನು ಬಿಡಿಸಿ ತೋರಿಸಿದ ಜೇಡವನ್ನು 150 ವರ್ಷಗಳಿಂದ ನಾವು ಗಮನಿಸದೆ ಬಿಟ್ಟಿದ್ದೇವೆ.

ಮೂರನೆಯದು ಜಡತನದ ಆರೋಪ. ಹೊಗಳಿಕೆಯ ವೇಷದಲ್ಲಿ ಬರುವುದರಿಂದ ಇದು ಇನ್ನೂ ಅಪಾಯ. ಡೈನೊಸಾರ್ ಕಾಲದಿಂದ ಬದಲಾಗದೆ ಉಳಿದ ಜೀವಂತ ಪಳೆಯುಳಿಕೆ, ಹುಟ್ಟಿದಲ್ಲೇ ಬಾಳಿ ಸಾಯುವ ಸನ್ಯಾಸಿ ಎನ್ನುತ್ತಾರೆ. ಹೆಣ್ಣಿನ ಮಟ್ಟಿಗೆ ಒಂದೇ ಬಿಲದ ಬದುಕು ನಿಜ. ಗಂಡಿನ ಮಟ್ಟಿಗೆ ಅದೂ ಸುಳ್ಳು. ಬಲಿತ ಗಂಡು ಮಳೆ ಬಿದ್ದ ಮೇಲೆ ಬಿಲ ಬಿಟ್ಟು ಹೆಣ್ಣನ್ನು ಹುಡುಕುತ್ತ ಅಲೆಯುತ್ತದೆ, ಸ್ವಲ್ಪ ಕಾಲದಲ್ಲೇ ಸಾಯುತ್ತದೆ. ಮನೆಯ ಹೊಸ್ತಿಲಲ್ಲಿ ಕಂಡು ಚಪ್ಪಲಿ ಏಟು ತಿನ್ನುವುದು ಹೆಚ್ಚಾಗಿ ಇಂಥ ಗಂಡೇ. ಇದರ ಕಡಿತ ನೋಯುತ್ತದೆ ಹೌದು, ಪ್ರಾಣ ತೆಗೆಯುವಂಥದ್ದಲ್ಲ. ಮರಿಗಳ ವಿಷಯಕ್ಕೆ ಬಂದರೆ ಉಮ್ಮಿಡಿಯಾದ ಮರಿಗಳು ಎತ್ತರಕ್ಕೆ ಹತ್ತಿ ನೂಲಿಗೆ ಜೋತುಬಿದ್ದು ಗಾಳಿಯಲ್ಲಿ ತೇಲಿಹೋಗುತ್ತವೆ. ಅಮೆರಿಕದ ಸಂಶೋಧಕ ಫ್ರೆಡರಿಕ್ ಕೊಯ್ಲ್ 1985ರಲ್ಲಿ ಇದನ್ನು ವಿವರವಾಗಿ ಬರೆದಿದ್ದಾರೆ.

ಅದಕ್ಕಿಂತ ದೊಡ್ಡ ಸಾಕ್ಷಿ ದಕ್ಷಿಣ ಆಸ್ಟ್ರೇಲಿಯಾದ ಕಾಂಗರೂ ದ್ವೀಪದಲ್ಲಿದೆ. ಅಲ್ಲಿನ ಕಡಲಂಚಿನ ಮಣ್ಣಿನಲ್ಲಿ ಆಳವಿಲ್ಲದ ಬಿಲ ತೋಡಿಕೊಂಡು ಕದ ಹಾಕಿಕೊಳ್ಳುವ ಒಂದು ಪುಟ್ಟ ಜೇಡಕ್ಕೆ ಮಾಗ್ರಿಡ್ಜಿಯಾ ರೇನ್‌ಬೋವಿ ಎಂದು ಹೆಸರು. ಕುಲದ ಹೆಸರು ನಮ್ಮ ಮೆಂಟನ್‌ನ ಮಾಗ್ರಿಡ್ಜ್‌ನ ನೆನಪಿಗೆ. ಈ ಕುಲದ ಉಳಿದ ಬಂಧುಗಳೆಲ್ಲ ಇರುವುದು ಆಫ್ರಿಕಾದ ಕಡೆ. ಹಳೆಯ ವಿವರಣೆ ಎಲ್ಲರಿಗೂ ಗೊತ್ತಿದ್ದದ್ದೇ: ಗೊಂಡ್ವಾನಾ ಎಂಬ ಪುರಾತನ ಮಹಾಖಂಡ ಒಡೆದಾಗ ಜೇಡ ತನ್ನ ಬಿಲದಲ್ಲೇ ಕೂತಿತ್ತು, ನೆಲವೇ ಸರಿದು ಹೋಯಿತು. 2017ರಲ್ಲಿ ಸೋಫಿ ಹ್ಯಾರಿಸನ್ ಮತ್ತು ಸಂಗಡಿಗರು ಡಿಎನ್‌ಎ ಹೋಲಿಸಿ ನೋಡಿದಾಗ, ಆಫ್ರಿಕಾದ ಬಂಧುಗಳಿಂದ ಇದು ಬೇರೆಯಾದದ್ದು ಸುಮಾರು 20 ಲಕ್ಷದಿಂದ 1.6 ಕೋಟಿ ವರ್ಷಗಳ ಹಿಂದೆ ಎಂದು ತಿಳಿಯಿತು. ಗೊಂಡ್ವಾನಾದಿಂದ ಆಫ್ರಿಕಾ ಬಿಡಿಸಿಕೊಂಡು ಅಷ್ಟು ಹೊತ್ತಿಗಾಗಲೇ ಎಷ್ಟೋ ಕೋಟಿ ವರ್ಷ ಕಳೆದಿತ್ತು. ಅಂದರೆ ಇದು ಹಿಂದೂ ಮಹಾಸಾಗರವನ್ನು ದಾಟಿ ಬಂದಿರಬೇಕು, ಬಹುಶಃ ಕೊಚ್ಚಿಹೋದ ಮರ ಮಣ್ಣಿನ ರಾಶಿಯ ಮೇಲೆ. ಸಾಗರ ದಾಟಿಸಿದ್ದು ಏನಿರಬಹುದು ಎಂದು ಯೋಚಿಸಿದರೆ ಮತ್ತೆ ಕದದ ಬಳಿಗೇ ಬರುತ್ತೇವೆ. ವಾರಗಟ್ಟಲೆ ಉಪ್ಪುಗಾಳಿ, ಬಿಸಿಲು, ಊಟವಿಲ್ಲ. ಒಳಗೆ ಕೂತು ಮುಚ್ಚಿಕೊಳ್ಳಬಲ್ಲ ಜೀವಿಗೆ, ಉಪವಾಸ ಸಹಿಸಬಲ್ಲ ಜೀವಿಗೆ ಮಾತ್ರ ಅದು ಸಾಧ್ಯ. ಜಡತನ ಎಂದು ನಾವು ಕರೆದದ್ದೇ ಅದರ ಪ್ರಯಾಣದ ಸಾಮರ್ಥ್ಯ. 2019-20ರ ಬೇಸಿಗೆಯ ಕಾಳ್ಗಿಚ್ಚು ದ್ವೀಪದ ಪಶ್ಚಿಮ ಭಾಗವನ್ನು ಸುಟ್ಟಾಗ ಆಳವಿಲ್ಲದ ಬಿಲ ಈ ಜೇಡವನ್ನು ಕಾಯಲಾರದೆ ಹೋಗುವ ಭಯ ತಜ್ಞರಿಗಿತ್ತು. ಸಾಗರಕ್ಕೆ ಸಾಕಾದ ಕದ ಬೆಂಕಿಗೆ ಸಾಲದು.

ಈ ಎಲ್ಲ ತಪ್ಪು ಓದುಗಳೂ ಒಟ್ಟಿಗೆ ಕೂಡಿದ್ದು 2018ರ ಏಪ್ರಿಲ್‌ನಲ್ಲಿ. ‘ನಂಬರ್ 16’ ಸತ್ತ ಸುದ್ದಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಬಾರ್ಬರಾ ಮೇನ್ 1974ರಲ್ಲಿ ಟ್ಯಾಮಿನ್ ಊರಿನ ಹತ್ತಿರದ ನಾರ್ತ್ ಬುಂಗುಲ್ಲಾ ಮೀಸಲು ಕುರುಚಲಿನಲ್ಲಿ ಗೇಯಸ್ ವಿಲ್ಲೋಸಸ್ ಜೇಡಗಳ ಬಿಲಗಳ ಪಕ್ಕ ಸಂಖ್ಯೆ ಬರೆದ ಗೂಟ ನೆಟ್ಟು, ವರ್ಷ ವರ್ಷವೂ ಬಂದು ನೋಡತೊಡಗಿದ್ದರು. ಹದಿನಾರನೆಯ ಗೂಟದ ಹೆಣ್ಣು 2016ರ ಅಕ್ಟೋಬರ್‌ವರೆಗೂ ಇತ್ತು ಅಥವಾ ಅದಕ್ಕೆ ಸ್ವಲ್ಪ ಮುಂಚಿನವರೆಗೆ. ಲೆಕ್ಕಕ್ಕೆ 43 ವರ್ಷ. ಅಲ್ಲಿಯವರೆಗಿನ ದಾಖಲೆ, ಮೆಕ್ಸಿಕೊದ ಒಂದು ಟರಾಂಟುಲಾ ಬದುಕಿದ್ದ 28 ವರ್ಷ. ಸಂಶೋಧಕಿ ಲಿಯಾಂಡಾ ಮೇಸನ್ ಹೋಗಿ ನೋಡಿದಾಗ ಕದದಲ್ಲಿ ತೂತಿತ್ತು, ಬಿಲ ಹಾಳಾಗುತ್ತಿತ್ತು, ಜೇಡ ಇರಲಿಲ್ಲ. ಕಣಜದ ಕೆಲಸವಿರಬೇಕೆಂದು ಅವರೂ ಸಂಗಡಿಗರೂ ಪ್ರಬಂಧದಲ್ಲಿ ಬರೆದರು. ಸುದ್ದಿಮನೆಗಳಿಗೆ ಅಷ್ಟು ಸಾಕಾಯಿತು. ಅಜ್ಜಿಯನ್ನು ಕಣಜ ಕೊಂದಿತು, ವಯಸ್ಸಾಗಿ ಸಾಯುವ ಭಾಗ್ಯವೂ ಸಿಗಲಿಲ್ಲ ಎಂಬ ಶೋಕ. ಒಂದು ಜೇಡವನ್ನು ಜನ ನೆನೆಯಬೇಕಾದರೆ ಅದು ದಾಖಲೆ ಮುರಿಯಬೇಕು, ಇಲ್ಲವೇ ಯಾರಾದರೂ ಗಾಯಕನ ಹೆಸರು ಇಟ್ಟುಕೊಂಡಿರಬೇಕು; ಅಲಬಾಮಾದ ಒಂದು ಕದದ ಜೇಡಕ್ಕೆ ನೀಲ್ ಯಂಗ್‌ನ ಹೆಸರಿಟ್ಟಾಗಲೂ ಹೀಗೇ ಸುದ್ದಿಯಾಗಿತ್ತು.

ಕಣಜ ಜೇಡವನ್ನು ಹಿಡಿಯುವುದು ಆ ಕುರುಚಲಿನ ಹಳೆಯ ವ್ಯವಹಾರ. ಶೋಕಿಸಬೇಕಾದ್ದು ಬೇಲಿಯ ಆಚೆಗಿತ್ತು. ಗೋಧಿ ಬೆಳೆಯಲು ಆ ಸೀಮೆಯ ಮೂಲ ಸಸ್ಯಸಂಪತ್ತಿನ ಬಹುಪಾಲನ್ನು ಕಡಿದು ಹಾಕಿದ್ದಾರೆ. ಮರ ಹೋದ ಮೇಲೆ ಅಂತರ್ಜಲ ಮೇಲೇರಿ ಉಪ್ಪನ್ನು ನೆಲದ ಮೇಲಕ್ಕೆ ತಂದಿದೆ. ಉಳಿದದ್ದು ಹೊಲಗಳ ನಡುವಿನ ತುಂಡು ತುಂಡು ಕುರುಚಲು. ಅಂಥ ತುಂಡೊಂದರಲ್ಲಿ ದೀರ್ಘಾಯುಷಿ ಹೆಣ್ಣೊಂದು ಸಿಕ್ಕಿತೆಂದರೆ ಜೇಡಗಳು ಚೆನ್ನಾಗಿವೆ ಎಂದು ಸಮಾಧಾನ ಪಟ್ಟುಕೊಳ್ಳುವುದು ಸುಲಭ. ಇಲ್ಲೇ ಬೇಟೆಗಾರನ ಚಿತ್ರ ದಿಕ್ಕು ತಪ್ಪಿಸುತ್ತದೆ. ಬೇಟೆಯಾಡುತ್ತಿರುವ ಜೇಡ ಸಿಕ್ಕರೆ ಜೇಡ ಇದೆ, ಬೇಟೆ ಸಿಗುತ್ತಿದೆ, ಎಲ್ಲ ಸರಿಯಿದೆ ಎನಿಸುತ್ತದೆ. ಮುಚ್ಚಿಕೊಂಡು ಕಾಲವನ್ನು ದಾಟುವ ಜೀವಿ ಅದು ಎಂದು ಒಪ್ಪಿದರೆ ಲೆಕ್ಕ ಬೇರೆಯಾಗುತ್ತದೆ. ದೊಡ್ಡ ಹೆಣ್ಣುಗಳು ಇಪ್ಪತ್ತು, ಮೂವತ್ತು ವರ್ಷ ಹಿಂದಿನ ಒಳ್ಳೆಯ ದಿನಗಳ ಉಳಿಕೆಯಾಗಿರಬಹುದು. ಇಂದಿನ ನೆಲದಲ್ಲಿ ಒಂದು ಮರಿಯೂ ಬಿಲ ತೋಡಿ ಮೊದಲ ಬೇಸಿಗೆಯನ್ನು ದಾಟುತ್ತಿಲ್ಲದಿರಬಹುದು. ಗಂಡು ಅಲೆದು ಬರಲು ಪಕ್ಕದ ತುಂಡಿನವರೆಗೆ ದಾರಿಯೇ ಇಲ್ಲದಿರಬಹುದು. ಆಗ ಇರುವ ಜೇಡಗಳೆಲ್ಲ ಆರೋಗ್ಯವಾಗಿಯೇ ಇರುತ್ತವೆ, ಸಂತತಿ ಮಾತ್ರ ಮುಗಿದಿರುತ್ತದೆ.

ಪಶ್ಚಿಮ ಘಟ್ಟದ ಧರೆಗಳಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ರಸ್ತೆ ಅಗಲ ಮಾಡುವಾಗ ಹಳೆಯ ಧರೆಯನ್ನು ಜೆಸಿಬಿ ಕೆರೆದು, ಹೊಸದಾಗಿ ಕಡಿದ ನೇರ ಗೋಡೆಯನ್ನು ಬಿಡುತ್ತದೆ ಅಥವಾ ಅಲ್ಲಿ ಕಲ್ಲು ಕಾಂಕ್ರೀಟು ಕಟ್ಟುತ್ತಾರೆ. ಅದಕ್ಕೆ ಮುಂಚೆ ಜೀವಿಗಳ ಸಮೀಕ್ಷೆ ನಡೆದರೂ ಸಿಗುವುದು ಹೆಸರುಗಳ ಪಟ್ಟಿ: ಇಡಿಯೋಪ್ಸ್ ಇದೆ, ಇಲ್ಲ. ಕದದ ಜೇಡಕ್ಕೆ ಈ ಪಟ್ಟಿ ಏನನ್ನೂ ಹೇಳುವುದಿಲ್ಲ. ಅಳೆಯಬೇಕಾದ್ದು ಕದದ ಅಗಲ. ಬಿಲದ ಬಾಯಿ ಜೇಡದ ಪ್ರಾಯಕ್ಕೆ ತಕ್ಕಂತೆ ಹಿಗ್ಗುವುದರಿಂದ ಒಂದು ಧರೆಯ ಕದಗಳನ್ನೆಲ್ಲ ಅಳೆದು ಬರೆದರೆ ಆ ನೆಲದಲ್ಲಿ ಮರಿಗಳೆಷ್ಟು, ಹರೆಯದವೆಷ್ಟು, ಮುದುಕಿಯರೆಷ್ಟು ಎಂಬುದು ಒಂದೂ ಜೇಡವನ್ನು ಹೊರತೆಗೆಯದೆ ತಿಳಿಯುತ್ತದೆ. ಉಗುರಿನ ಅರ್ಧದಷ್ಟೂ ಇಲ್ಲದ ಕದಗಳು ಕಂಡರೆ ಧರೆ ಜೀವಂತ. ಬರೀ ಅಗಲ ಕದಗಳೇ ಇದ್ದರೆ, ಅವು ಎಷ್ಟೇ ಇರಲಿ, ಆ ಸಾಲಿನ ಮುಂದೆ ‘ಇದೆ’ ಎಂದು ಬರೆಯುವುದಕ್ಕೆ ಮೊದಲು ಎರಡು ಸಲ ಯೋಚಿಸಬೇಕು.